ಮುದ್ದತ್ ಮಹಾರಾಜನ ದಿನಗೂಲಿ

ನನ್ನ ಹೆಸರನ್ನು ನೀವು ಕೇಳಿರಲೇಬೇಕು. ಕೇಳಿಲ್ಲವೆಂದರೆ ಇಂಡಿಯಲ್ಲೋ ಸಿಂದಗಿಯಲ್ಲೋ ಬಸವನ ಬಾಗೇವಾಡಿಯಲ್ಲೋ ಮೋಟಾರು ಇಳಿದು ಒಂದು ಬಸಿ ಚಹಾ ಕೂಡ ಕುಡಿದವರಲ್ಲ ನೀವು. ಮುದ್ದೇಬಿಹಾಳದ ಕೋರ್ಟಿನಲ್ಲಿ, ಮ್ಯಾಜಿಸ್ಟ್ರೇಟ್ ಸಾಹೇಬರ ಕಣ್ಣೆದುರಿಗೆ, ಬಿಜಾಪುರದಿಂದ ಬಂದ ಸರಕಾರಿ ವಕೀಲನ ಬಾಯಿ ಕಟ್ಟಿಸಿ, ಜೇಲಿನಲ್ಲಿದ್ದ ಗೆಳೆಯನನ್ನು ಒಂದೇ ಒಂದು ಡೈಲಾಗಿನಿಂದ ಬಿಡಿಸಿಕೊಂಡು ಬಂದ ಪರಪ್ಪ ಅಂದರೆ ನಾನೇ. ವಕೀಲ ಕನ್ನಡಕ ತೆಗೆದು ಕೈಯಲ್ಲಿ ಹಿಡಿದವನು ಅದನ್ನು ಮತ್ತೆ ಮೂಗಿಗೆ ಏರಿಸುವುದನ್ನೂ ಮರೆತು ನಿಂತ. ನಂಬಿಕೆ ಇಲ್ಲದಿದ್ದರೆ ಕೋರ್ಟಿನ ಎದುರು ಭಜಿ ಕರಿಯುವ ಶೆಟ್ಟೆವ್ವನನ್ನು ಕೇಳಿ. ಅವಳು ಕಿಡಕಿಯಿಂದ ನೋಡಿದ್ದಾಳೆ.

ನನ್ನ ಕೆಲಸ ಶ್ರೀಶೈಲಪ್ಪನ ಟೂರಿಂಗ್ ಟಾಕೀಸಿನಲ್ಲಿ. ಎತ್ತಿನ ಗಾಡಿಯ ಎರಡೂ ಮಗ್ಗುಲಿಗೆ ಪೋಸ್ಟರು ಕಟ್ಟಿ, ತಗಡಿನ ಭೋಂಗಾ ಬಾಯಿಗಿಟ್ಟು, ಹಳ್ಳಿಹಳ್ಳಿ ತಿರುಗಿ ಇವತ್ತು ಯಾವ ಪಿಕ್ಚರು ಎಂದು ಕೂಗುವುದು. ತಂಬು ಒಂದು ಊರಿನಲ್ಲಿ ಒಂದೆರಡು ತಿಂಗಳು ನಿಂತು ಮುಂದಿನ ಊರಿಗೆ ಹೋಗುತ್ತಿತ್ತು. ಆದರೆ ನನ್ನ ಮನೆ, ಶ್ರೀಶೈಲಪ್ಪನ ಮನೆ, ಅವನ ಅಡತಿ ಅಂಗಡಿ ಎಲ್ಲ ಮುದ್ದೇಬಿಹಾಳದಲ್ಲೇ. ಮಷೀನು ನಡೆಸುವವನು ಸಿಂದಗಿಯ ಜೈನುದ್ದೀನ. ನನಗಿಂತ ಹತ್ತು ವರ್ಷ ಹಿರಿಯ, ಮಾತು ಕಡಿಮೆ. ಅವನು ತನ್ನ ಮಷೀನಿನ ಖೋಲಿಯಲ್ಲಿ ನನ್ನನ್ನು ಕೂರಿಸಿಕೊಂಡು ಗೋಡೆಯ ಕಿಂಡಿಯಿಂದ ಪುಕ್ಕಟೆ ಪಿಕ್ಚರು ತೋರಿಸುತ್ತಿದ್ದ. ನನ್ನ ನಾಲಿಗೆಯ ಮೇಲೆ ಕುಣಿಯುವ ಡೈಲಾಗುಗಳೆಲ್ಲ ಆ ಕಿಂಡಿಯಿಂದ ಬಂದವು. ರಾಜರಂತೆ ಮಾತಾಡಬೇಕೆಂದರೆ ರಾಜ, ಖಳನಾಯಕರಂತೆ ಅಂದರೆ ಖಳನಾಯಕ. ಒಮ್ಮೆ ಚಹಾದಂಗಡಿಯವನು ಉದ್ರಿ ಕೊಡಲ್ಲ ಅಂದಾಗ, "ಎಲೈ ಮೂಢ, ನಿನ್ನ ಈ ಕೆಟಲಿಯ ಮೇಲೆ ಸಿಡಿಲು ಬೀಳಲಿ" ಎಂದು ಶಾಪ ಕೊಟ್ಟಿದ್ದೆ. ಅವನು ನಕ್ಕು ಇನ್ನೊಂದು ಬಸಿ ಹಾಕಿಕೊಟ್ಟ.

ಹೊಸ ಪೈಸೆ ಬಂದು ಬಜಾರದಲ್ಲಿ ಎಲ್ಲರೂ ಎಲ್ಲರ ಮೇಲೂ ಸಂಶಯಪಡುತ್ತಿದ್ದ ಕಾಲ ಅದು. ತಂಬು ನಮ್ಮ ಊರಲ್ಲೇ ಇತ್ತು. ಒಂದು ಮಧ್ಯಾಹ್ನ ಮಷೀನಿನ ಮುಂದಿನ ಕಾಜು, ಬೆಳಕನ್ನು ಪರದೆಯ ಮೇಲೆ ಬಿಡುವ ಆ ದಪ್ಪ ಗಾಜು, ಕಳುವಾಯಿತು. ಶ್ರೀಶೈಲಪ್ಪ ನೆಟ್ಟಗೆ ಫೌಜದಾರರ ಬಳಿ ಹೋದ. ಸಂಜೆಯೊಳಗೆ ಫೌಜದಾರರು ತಂಬಿಗೆ ಬಂದರು. ಶ್ರೀಶೈಲಪ್ಪನ ಹೆಂಡತಿಯ ತಮ್ಮ ಚನಮಲ್ಲ ಅವರನ್ನು ಕರೆದುಕೊಂಡು ತಂಬಿನ ಹಿಂದೆ ಹೋದ. ಆಯಿಲ್ ಇಂಜಿನ್ನಿನ ಪಕ್ಕದ ಗೋಣಿಚೀಲವನ್ನು ತಾನೇ ಎತ್ತಿದ. ಕಾಜು ಅಲ್ಲೇ ಇತ್ತು. ನಾನು ಎರಡು ಮಾರು ದೂರದಲ್ಲಿ ನಿಂತು ಇದನ್ನು ನೋಡಿದೆ. ಹುಡುಕುವವನು ಅಲ್ಲಿ ಇಲ್ಲಿ ಕೈಯಾಡಿಸುತ್ತಾನೆ. ಇವನು ಸ್ವಂತ ಮನೆಯ ಗಡಿಗೆ ಎತ್ತಿದಂತೆ ಎತ್ತಿದ.

ಚನಮಲ್ಲನಿಗೆ ಮಷೀನು ನಡೆಸುವ ಕೆಲಸದ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಇದು ಎತ್ತಿಗೂ ಗೊತ್ತಿದ್ದ ಸಂಗತಿ.

ಪಂಚನಾಮೆಗೆ ಇಬ್ಬರು ಪಂಚರು ಬೇಕು. ನಮ್ಮ ಕಡೆ ಪಂಚರನ್ನು ಹಿಡಿಯುವ ರೀತಿ ನಿಮಗೆ ಗೊತ್ತಿರಬಹುದು. ಪೊಲೀಸರು ಸುತ್ತ ನೋಡುತ್ತಾರೆ, ಓಡದೆ ನಿಂತವನು ಪಂಚ. ಅವತ್ತು ನಿಂತವರು ನಾನು ಮತ್ತು ತಂಬಿಗೆ ನೀರು ಹಾಕುವ ಒಬ್ಬ ಮುದುಕ. ರೈಟರು ಬರೆಯುತ್ತಾ ಹೋದ, ನಾವು ಸಹಿ ಮಾಡಿದೆವು, ಮುದುಕ ಹೆಬ್ಬೆಟ್ಟು ಒತ್ತಿದ. ಆಮೇಲೆ ಶೆಟ್ಟೆವ್ವನ ಅಂಗಡಿಯಿಂದ ಬಿಸಿ ಭಜಿ ಬಂತು. ಬರೆದದ್ದನ್ನು ಯಾವ ಪಂಚನೂ ಓದುವುದಿಲ್ಲ. ಓದಲು ಕೇಳಿದರೆ ರೈಟರಿಗೆ ಅವಮಾನ, ಭಜಿಗೆ ಆರಿಹೋಗುವ ಭಯ. ಪಂಚನ ಪಾರ್ಟು ಪಿಕ್ಚರಿನಲ್ಲಿ ರಾಜನ ಹಿಂದೆ ಭರ್ಚಿ ಹಿಡಿದು ನಿಲ್ಲುವವನ ಪಾರ್ಟು, ನಿಲ್ಲು, ತಿನ್ನು, ಮನೆಗೆ ಹೋಗು ಎಂದೇ ನಾನು ತಿಳಿದಿದ್ದೆ. ಕಣ್ಣಾರೆ ನೋಡಿದ್ದಕ್ಕೆ ಸಹಿ ಹಾಕಿದ್ದೇನೆ, ಹಾಗಾದರೆ ಚೀಲ ಎತ್ತಿದವನು ಚನಮಲ್ಲ ಎಂದು ಅದರಲ್ಲಿ ಇದ್ದೇ ಇರುತ್ತದೆ ಎಂದು ನನಗೆ ಪೂರಾ ಖಾತ್ರಿ.

ಆದರೂ ಹಿಡಿದುಕೊಂಡು ಹೋದದ್ದು ಜೈನುದ್ದೀನನನ್ನು. ಜಾಮೀನಿಗೆ ಈ ತಾಲೂಕಿನ ಹೊಲದ ಉತಾರ ಇರುವವರೊಬ್ಬರು ಬೇಕೆಂದರು. ಅವನು ಸಿಂದಗಿಯವನು. ಶ್ರೀಶೈಲಪ್ಪನನ್ನು ಎದುರು ಹಾಕಿಕೊಂಡು ಪರ ಊರವನಿಗೆ ಉತಾರ ಕೊಡುವ ಗಂಡಸು ನಮ್ಮ ಊರಲ್ಲಿ ಸಿಗಲಿಲ್ಲ. ನನ್ನ ಬಳಿ ಭೋಂಗಾ ಇತ್ತು, ಹೊಲ ಇರಲಿಲ್ಲ. ಜೈನುದ್ದೀನ ಮಾಮಲೇದಾರ ಕಚೇರಿಯ ಹಿಂದಿನ ಜೇಲಿನಲ್ಲೇ ಉಳಿದ. ಅವನ ಹೆಂಡತಿ ಅಬಿದಾ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಸಿಂದಗಿಯಿಂದ ಆಗಾಗ ಬಂದು ಹೋಗುವಳು. ಕೇಸು ಮುಗಿಯುವವರೆಗೆ ತಂಬು ಊರು ಬಿಡಲಿಲ್ಲ, ಚನಮಲ್ಲ ಮಷೀನಿನ ಮುಂದೆ ಕೂತ. ಅವನ ಕೈಯಲ್ಲಿ ಪಿಕ್ಚರಿನ ಹೀರೊಗಳೆಲ್ಲ ತಲೆಯಿಲ್ಲದೆ ಓಡಾಡತೊಡಗಿದರು.

ಇನ್ನು ವಕೀಲನ ಸಂಗತಿ. ನಮ್ಮ ಕೋರ್ಟಿನಲ್ಲಿ ಸರಕಾರದ ಪರ ಕೇಸು ನಡೆಸುವ ಜಾಗ ಖಾಲಿ ಇತ್ತು. ಅದಕ್ಕೆ ಬಿಜಾಪುರದಿಂದ ಜಾಲಿಹಾಳ ಎನ್ನುವ ವಕೀಲನನ್ನು ದಿನದ ಫೀ ಕೊಟ್ಟು ಕರೆಸುತ್ತಿದ್ದರು. ಬಂದ ದಿನಕ್ಕೆ ಇಷ್ಟು ಎಂದು. ಎಷ್ಟು ಅನ್ನುವುದು ಮಾತ್ರ ನೀವು ಎಲ್ಲಿ ಕೇಳುತ್ತೀರಿ ಅದರ ಮೇಲೆ. ಕ್ಷೌರದಂಗಡಿಯಲ್ಲಿ ಇಪ್ಪತ್ತೈದು ರೂಪಾಯಿ, ಚಹಾದಂಗಡಿಗೆ ಬರುವಷ್ಟರಲ್ಲಿ ಐವತ್ತು, ಅಡತಿ ಬಜಾರಕ್ಕೆ ತಲುಪಿದಾಗ ನೂರು. ಅವನು ಬೆಳಗಿನ ಮೋಟಾರಿಗೆ ಬರುತ್ತಿದ್ದ. ಕರಿಕೋಟು ತೊಟ್ಟು ಕೋರ್ಟಿಗೆ ಹೋಗುತ್ತಿದ್ದ. ಸ್ವಲ್ಪ ಹೊತ್ತಿಗೆ ಕೇಸು ಮುಂದಕ್ಕೆ ಹೋಯಿತೆಂದು ಸುದ್ದಿ ಬರುತ್ತಿತ್ತು. ಇದಕ್ಕೆ ಮುದ್ದತ್ ಬಿತ್ತು ಅನ್ನುತ್ತಾರೆ. ಮುಂದಿನ ತಾರೀಖು, ಮತ್ತೆ ಮೋಟಾರು, ಮತ್ತೆ ಕರಿಕೋಟು, ಮತ್ತೆ ಮುದ್ದತ್.

ಇದರ ಮೇಲೆ ಊರಿನಲ್ಲಿ ಮಾತು ಹುಟ್ಟಿತು. ಬಂದಷ್ಟು ದಿನ ಫೀ ಅಂದ ಮೇಲೆ ಯಾವ ವಕೀಲ ಕೇಸು ಮುಗಿಸುತ್ತಾನೆ? ದಿನಗೂಲಿಯವನು ಬಾವಿ ತೋಡಿದರೆ ನೀರು ಬೀಳಬಾರದೆಂದೇ ಬೇಡಿಕೊಳ್ಳುವುದಿಲ್ಲವೇ? ಶೆಟ್ಟೆವ್ವ ಭಜಿ ತೆಗೆಯುವ ಜಾರೆ ಕೈಯಲ್ಲಿ ಹಿಡಿದೇ ನನ್ನನ್ನು ಕೇಳಿದಳು:

"ಕಳುವಾದದ್ದು ಶ್ರೀಶೈಲಪ್ಪನ ಕಾಜು. ವಕೀಲಗ ಸರಕಾರ ಯಾಕ ರೊಕ್ಕಾ ಕೊಡಬೇಕು?"

"ಫೌಜದಾರಿ ಕೇಸಿಗಿ ಸರಕಾರನ ವಕೀಲನ್ನ ಹಚ್ಚತೈತಿ ಬೇ. ಅದು ಕಾಯ್ದೆ."

"ಸರಕಾರಕ್ಕ ಯಾರ ಕೊಡ್ತಾರ?"

"ನಾವು."

"ಅಂದ್ರ ಜೈನುದ್ದೀನ ತನ್ನ ಜೇಲಿಗಿ ಹಾಕಾಕ ತಾನ ರೊಕ್ಕಾ ಕೊಟ್ಟಾನನ್ನು."

ಅವಳ ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಟಾಕೀಸಿನ ಪ್ರತಿ ಟಿಕೀಟಿನ ಮೇಲೂ ಸರಕಾರದ ತೆರಿಗೆ ಇತ್ತು. ನೆಲದ ಮೇಲೆ ಕೂತು ನೋಡುವ ಕೂಲಿಯವರಿಂದಲೂ ಅದನ್ನು ಕತ್ತರಿಸಿಕೊಳ್ಳುತ್ತಿದ್ದರು. ಜೈನುದ್ದೀನ ಕಾಜಿನ ಹಿಂದೆ ನಿಂತು ಬೆವರು ಸುರಿಸಿ ನಡೆಸಿದ ಪಿಕ್ಚರಿನ ತೆರಿಗೆ ಈಗ ಅವನನ್ನೇ ಕಟ್ಟಿಹಾಕಿದವನ ಜೇಬಿಗೆ ಹೋಗುತ್ತಿದೆ. ಇಂಥ ಕಥೆಯನ್ನು ಪಿಕ್ಚರು ತೆಗೆಯುವ ಮದ್ರಾಸಿನವರು ಕೂಡ ಬರೆದಿಲ್ಲ.

ನಾನು ವಕೀಲನ ಬೆನ್ನು ಹತ್ತಿದೆ. ಒಂದು ತಾರೀಖಿಗೆ ಅವನು ಮೋಟಾರು ಇಳಿದಲ್ಲಿಂದ ನೆರಳಿನಂತೆ ಹಿಂದೆ ಹೋದೆ. ಅವನು ಖಾನಾವಳಿಯಲ್ಲಿ ಉಂಡ. ಒಬ್ಬನೇ ಉಂಡ. ಒಬ್ಬನೇ ಉಣ್ಣುವವನ ಮನಸ್ಸಿನಲ್ಲಿ ಏನೋ ಇರುತ್ತದೆ. ಕೈ ತೊಳೆಯುವಾಗ ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ. ಮಧ್ಯಾಹ್ನ ಮೋಟಾರು ಹತ್ತುವ ಹೊತ್ತಿಗೆ ಶ್ರೀಶೈಲಪ್ಪನ ಮನೆಯ ಆಳು ಬಂದು ಒಂದು ಬಿಳಿ ಅರಿವೆಯ ಗಂಟನ್ನು ಅವನ ಪಕ್ಕದ ಸೀಟಿನ ಮೇಲೆ ಇಟ್ಟು ಹೋದ. ಫಿರ್ಯಾದಿಯ ಮನೆಯಿಂದ ಸರಕಾರಿ ವಕೀಲನಿಗೆ ಗಂಟು. ಇನ್ನೇನು ಬೇಕು?

ಮುಂದಿನ ತಾರೀಖಿಗೆ ನಾನು ತಯಾರಾಗಿದ್ದೆ. ಆಳು ಗಂಟು ಇಟ್ಟು ಹೋದ. ವಕೀಲ ಎಲೆಅಡಿಕೆ ತರಲು ಕೆಳಗಿಳಿದ. ನಾನು ಹಿಂದಿನ ಬಾಗಿಲಿನಿಂದ ಹತ್ತಿ ಗಂಟನ್ನು ಬಗಲಲ್ಲಿ ಒತ್ತಿಕೊಂಡು ಇಳಿದೆ. ಹುಣಸೆಮರದ ಹಿಂದೆ ಕೂತು ಬಿಚ್ಚಿದರೆ ಒಳಗೆ ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯ, ಒಂದು ಡಬರಿ ಶೇಂಗಾ ಚಟ್ನಿ. ಇಷ್ಟಕ್ಕೇ ಮೋಸಹೋಗುವವನಲ್ಲ ನಾನು. ರೊಕ್ಕ ಚಟ್ನಿಯ ತಳದಲ್ಲಿರಬೇಕು ಅಂದುಕೊಂಡೆ. ತಳ ಕಾಣಬೇಕೆಂದರೆ ಚಟ್ನಿ ಖಾಲಿಯಾಗಬೇಕು, ಚಟ್ನಿಗೆ ರೊಟ್ಟಿ ಬೇಕು. ತಳ ಕಂಡಿತು. ಹಿತ್ತಾಳೆಯ ಡಬರಿ, ಕಲಾಯಿ ಚೆನ್ನಾಗಿತ್ತು. ಪುರಾವೆಯನ್ನು ಪೂರಾ ತಿಂದು ಮುಗಿಸಿದ್ದೇನೆ ಎಂದು ಹೊಳೆದದ್ದು ನೀರು ಕುಡಿಯುವಾಗ.

ಹೀಗಿರುವಾಗ ಅಬಿದಾ ಭಾಬಿ ಸಂತೆಯ ದಿನ ಸಿಕ್ಕಳು. ಕೂಸು ಸೊರಗಿತ್ತು. ನಾನು ಎರಡು ಬಾಳೆಹಣ್ಣು ಕೊಟ್ಟೆ. ಅವಳು ತೆಗೆದುಕೊಂಡಳು, ಆದರೆ ನನ್ನನ್ನು ನೋಡಿದ ರೀತಿ ಬೇರೆ ಇತ್ತು, ಸತ್ತ ನಂತರ ಎದ್ದು ಬಂದವನನ್ನು ನೋಡುವ ಹಾಗೆ. ಊರಲ್ಲೇ ಇದ್ದೀಯಾ ಎಂದು ಕೇಳಿದಳು. ಎಲ್ಲಿಗೆ ಹೋಗಲಿ ಎಂದೆ. ಅವಳು ಜೇಲಿನ ಕಡೆ ನಡೆದಳು. ಸಂಜೆಗೆ ಮೋಟಾರು ಹತ್ತುವ ಮೊದಲು ತಂಬಿಗೇ ಹುಡುಕಿಕೊಂಡು ಬಂದು, ಗಂಡ ಹೇಳಿಕಳಿಸಿದ್ದನ್ನು ಹೇಳಿದಳು.

"ಪರಪ್ಪಗ ಮುಂದಿನ ತಾರೀಖಿಗಿ ಒಮ್ಮೆ ಕೋರ್ಟಿಗಿ ಬಾ ಅನ್ನು ಅಂದ್ರು. ಅಷ್ಟ."

"ನಾ ಬರ್ತೇನಿ ಭಾಬಿ. ಬರೂ ರೀತಿ ಬರ್ತೇನಿ."

"ಸುಮ್ಮ ಬಂದ್ರ ಸಾಕಂತ."

ಸುಮ್ಮನೆ ಬರುವುದು ನನ್ನ ಜಾತಕದಲ್ಲಿಲ್ಲ. ಗೆಳೆಯ ಕಂಬಿಯ ಹಿಂದಿನಿಂದ ಕೂಗಿದ್ದಾನೆ. ಅನ್ಯಾಯದ ಎದುರು ಗುಡುಗಬಲ್ಲ ಗಂಟಲು ಈ ತಾಲೂಕಿನಲ್ಲಿ ಒಂದೇ ಎಂದು ಅವನಿಗೆ ಗೊತ್ತು, ಆ ಕಿಂಡಿಯ ಪಕ್ಕದಲ್ಲಿ ಅದನ್ನು ತಯಾರು ಮಾಡಿದವನೇ ಅವನು. ನಾನು ಹಾಗೆ ಅರ್ಥ ಮಾಡಿಕೊಂಡೆ.

ಆ ತಾರೀಖಿನ ಬೆಳಿಗ್ಗೆ ಗಾಡಿಯನ್ನು ಕೋರ್ಟಿನ ಎದುರಿಗೆ ತಂದು ನಿಲ್ಲಿಸಿದೆ. ಹಳೆಯ ಪೋಸ್ಟರಿನ ಹಿಂಬದಿಗೆ ಕಪ್ಪು ಬಣ್ಣದಲ್ಲಿ ಕರಿಕೋಟಿನ ಒಬ್ಬ ರಾಜನನ್ನು ನಾನೇ ಬರೆದಿದ್ದೆ. ಹೊಟ್ಟೆ ಸ್ವಲ್ಪ ಹೆಚ್ಚಾಗಿತ್ತು. ಭೋಂಗಾ ಎತ್ತಿದೆ.

"ಕೇಳ್ರಪೋ ಕೇಳ್ರಿ. ಇಂದೇ ನೋಡಿರಿ, ನಿಮ್ಮ ಮುದ್ದೇಬಿಹಾಳದೊಳಗ, ಹೊಚ್ಚ ಹೊಸಾ ಪಿಕ್ಚರು, ಮುದ್ದತ್ ಮಹಾರಾಜ. ಮುಗಿಯದ ರೀಲು, ಇಂಟರ್ವಲ್ಲ ಮ್ಯಾಲೆ ಇಂಟರ್ವಲ್ಲು. ಮಹಾರಾಜ್ರು ಮೋಟಾರಿಗಿ ಬರ್ತಾರ, ಕೋಟ ಹಾಕ್ಕೋತಾರ, ಫೀ ತಗೋತಾರ, ಹೊಕ್ಕಾರ. ಟಿಕೀಟು ತಗೊಳ್ಳೂ ಜರೂರ ಇಲ್ಲ, ನಿಮ್ಮ ರೊಕ್ಕಾ ಮೊದಲ ಕತ್ತರಿಸ್ಯಾರ."

ಜನ ಸೇರಿದರು. ಸಂತೆಗೆ ಬಂದವರು, ಬೇರೆ ಕೇಸಿನವರು, ಸಾಲಿ ತಪ್ಪಿಸಿದವರು ಎಲ್ಲ ಬಂದರು. ನಗು ಗಾಡಿಯ ಸುತ್ತ ಸುತ್ತತೊಡಗಿತು. ಜಾಲಿಹಾಳ ವಕೀಲ ಅದೇ ಹೊತ್ತಿಗೆ ನಡೆದು ಬಂದ. ಪೋಸ್ಟರು ನೋಡಿದ, ನನ್ನನ್ನು ನೋಡಿದ, ಕೊಡೆ ಮಡಚಿ ಒಳಗೆ ಹೋದ. ಸಿಟ್ಟಾಗಲಿಲ್ಲ. ಸಿಟ್ಟಾಗದವನನ್ನು ಕಂಡರೆ ನನ್ನ ಸಂಶಯ ಇನ್ನೂ ಹೆಚ್ಚು. ನಾನೂ ಇಳಿದು, ಹಿಂದೆ ಜನರನ್ನು ಕಟ್ಟಿಕೊಂಡು ಕೋರ್ಟಿನ ಬಾಗಿಲಲ್ಲಿ ನಿಂತೆ. ಅದುವರೆಗೆ ನಾನು ಆ ಬಾಗಿಲು ದಾಟಿದವನಲ್ಲ. ಗಾಡಿ ಯಾವಾಗಲೂ ಹೊರಗೇ.

ಜೈನುದ್ದೀನ ಆರೋಪಿಯ ಕಟಕಟೆಯಲ್ಲಿದ್ದ. ಗಡ್ಡ ಬೆಳೆದು ಮುಖ ಚಿಕ್ಕದಾಗಿತ್ತು. ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದ, ಪೊಲೀಸನೊಬ್ಬ ಸುಮ್ಮನಿರಲು ಸನ್ನೆ ಮಾಡಿದ. ವಕೀಲ ಎದ್ದು ನಿಂತು, ಸಾಕ್ಷಿ ಇವತ್ತೂ ಬಂದಿಲ್ಲ, ಆದ್ದರಿಂದ ಕೇಸಿಗೆ ಇನ್ನೊಂದು ಮುದ್ದತ್ ಕೊಡಬೇಕು ಎಂದು ಶುರು ಮಾಡಿದ. ಮ್ಯಾಜಿಸ್ಟ್ರೇಟರು ಹಣೆಗೆ ಕೈ ಹಚ್ಚಿದರು. ಇದೇ ಸಮಯ. ನಾನು ಎರಡು ಹೆಜ್ಜೆ ಮುಂದಿಟ್ಟು ಬಲಗೈ ಎತ್ತಿದೆ.

"ಸಾಕು ಮಾಡು ನಿನ್ನ ಈ ನಾಟಕ, ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿದವರು ಯಾರೆಂದು ಇಂದು ಪ್ರಪಂಚಕ್ಕೆ ತಿಳಿಯಲಿ."

ಹಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು. ಮ್ಯಾಜಿಸ್ಟ್ರೇಟರು ನಿಧಾನವಾಗಿ ತಲೆ ಎತ್ತಿ, ಯಾರು ನೀನು, ಹೆಸರು ಹೇಳು ಎಂದರು. ದಂಡ ಹಾಕಲು ಕೇಳುತ್ತಿದ್ದಾರೆಂದು ಗೊತ್ತಿತ್ತು. ಹೆದರುವ ಹೀರೊ ಎಲ್ಲಾದರೂ ಇದ್ದಾನೆಯೇ? ಎದೆಯುಬ್ಬಿಸಿ ಹೇಳಿದೆ.

"ಪರಪ್ಪ ಈರಪ್ಪ ಢವಳಗಿ. ಸಾಕೀನ ಮುದ್ದೇಬಿಹಾಳ."

ಆಗಲೇ ವಕೀಲ ಕನ್ನಡಕ ತೆಗೆದದ್ದು. ಆಗಲೇ ಅವನ ಬಾಯಿ ಕಟ್ಟಿದ್ದು. ಬರೆಯುತ್ತಿದ್ದ ಕಾರಕೂನನ ಟಾಕು ನಿಂತಿತು. ಬಾಗಿಲ ಬಳಿ ಇದ್ದ ಪೊಲೀಸ ಗೈಬುಸಾಬ ನನ್ನ ಕಡೆ ಬೆರಳು ಮಾಡಿದ.

"ಸಾಹೇಬ್ರ, ಪಂಚ ಇವನ ರಿ. ನಾವು ಮೂರೂ ಊರಾಗ ಹುಡುಕ್ಯಾಡಿದ್ದು ಇವನ್ನ ರಿ."

ನನಗೆ ಅರ್ಥವಾಗಲಿಲ್ಲ. ಕೋರ್ಟಿಗೆ ಅರ್ಥವಾಗಿತ್ತು. ಮೊದಲು ಸಣ್ಣಗೆ, ಆಮೇಲೆ ಹಂಚು ನಡುಗುವಂತೆ ನಗು ಎದ್ದಿತು, ಅದೂ ನಾನೇ ಕರೆದುಕೊಂಡು ಬಂದ ಜನರ ಕಡೆಯಿಂದ.

ಗೈಬುಸಾಬ ಎಲ್ಲ ಹೇಳಿದ. ಇಬ್ಬರು ಪಂಚರಲ್ಲಿ ಮುದುಕ ಸೋಲಾಪುರದ ಮಗಳ ಮನೆಗೆ ಹೋದವನು ಅಲ್ಲೇ ತೀರಿಕೊಂಡಿದ್ದ. ಉಳಿದವನು ನಾನೊಬ್ಬ. ಪಂಚನ ಜಬಾನಿ, ಅಂದರೆ ಸಾಕ್ಷಿ ಹೇಳಿಕೆ, ಆಗದೆ ಕೇಸು ಮುಂದೆ ಸಾಗದು. ಪ್ರತಿ ತಾರೀಖಿಗೆ ಮುಂಚೆ ಗೈಬುಸಾಬ ಸಮನ್ಸು ಹಿಡಿದು ನಮ್ಮ ಓಣಿಗೆ ಬರುತ್ತಿದ್ದ. ನಮ್ಮ ಅವ್ವ ಕಸ್ತೂರೆವ್ವ, ಮಗ ತಂಬಿನ ಕೆಲಸಕ್ಕೆ ಇಂಡಿಗೆ ಹೋಗಿದ್ದಾನೆ ಅಂದಳು. ಎದುರು ಮನೆಯ ಗುಂಡವ್ವ ಹೌದೆಂದು ತಲೆಯಾಡಿಸಿದಳು. ಸಮನ್ಸು ಇಂಡಿಗೆ ಹೋಯಿತು, ಒಬ್ಬ ಪೊಲೀಸ ಭತ್ತೆ ತೆಗೆದುಕೊಂಡು ಅದರ ಹಿಂದೆ ಹೋದ. ಇಂಡಿಯಲ್ಲಿ ಪರಪ್ಪ ಇಲ್ಲ. ಮುಂದಿನ ಸಲ ಅವ್ವ ಸಿಂದಗಿ ಅಂದಳು. ಸಿಂದಗಿಯಲ್ಲೂ ಇಲ್ಲ. ಆಮೇಲೆ ಬಸವನ ಬಾಗೇವಾಡಿ. ಖಾಕಿ ಕಂಡರೆ ಮನುಷ್ಯನನ್ನು ಬೇರೆ ಊರಿಗೆ ಕಳಿಸುವುದು ನಮ್ಮ ಓಣಿಯ ರೀತಿ. ಹಿಡಿಯಲು ಬಂದ ಪೊಲೀಸನಿಗೂ ಅದೇ ಉತ್ತರ, ದಾರಿ ಕೇಳಲು ಬಂದ ಪೊಲೀಸನಿಗೂ ಅದೇ. ನಾನು ಮಾತ್ರ ಅಷ್ಟೂ ದಿನ ಮುದ್ದೇಬಿಹಾಳದಲ್ಲೇ ಭೋಂಗಾ ಊದುತ್ತಿದ್ದೆ. ಗಾಡಿಯ ಮೇಲೆ ಕೂಗುವವನೇ ಈ ಢವಳಗಿ ಪರಪ್ಪ ಎಂದು ಗೈಬುಸಾಬನಿಗೆ ಹೊಳೆಯಲಿಲ್ಲ. ಅವನು ಈ ಊರಿಗೆ ಹೊಸದಾಗಿ ಬಂದವನು, ಪಿಕ್ಚರು ನೋಡುವುದು ಪಾಪ ಎಂದು ತಿಳಿದವನು.

ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು. ಮೊದಲ ಸಲ ನನ್ನ ಗಂಟಲಿನಿಂದ ಡೈಲಾಗು ಹೊರಡಲಿಲ್ಲ.

"ನನಗ ಏನೂ ಗೊತ್ತಿಲ್ರಿ ಸಾಹೇಬ್ರ. ನಮ್ಮವ್ವ ಅಂಜಬುರಕಿ ರಿ. ಸಾಲಿ ಕಲ್ತಿಲ್ರಿ."

ಅವರು ದಂಡ ಹಾಕದೆ ಸಾಕ್ಷಿಯ ಕಟಕಟೆ ತೋರಿಸಿದರು. ನಾನು ಏರಿದೆ. ಪ್ರಮಾಣ ಮಾಡಿಸಿದರು. ವಕೀಲ ಕನ್ನಡಕ ಹಾಕಿಕೊಂಡು ಪಂಚನಾಮೆ ಓದಿದ: ಆರೋಪಿ ಜೈನುದ್ದೀನ ತಾನೇ ಮುಂದಾಗಿ ಹೋಗಿ, ಗೋಣಿಚೀಲ ಎತ್ತಿ, ಕಾಜನ್ನು ತೆಗೆದು ಪಂಚರ ಸಮಕ್ಷಮ ಹಾಜರುಪಡಿಸಿದನು. ಪ್ರತಿ ಪಂಚನಾಮೆಯಲ್ಲೂ ಅದೇ ಸಾಲು ಬರೆಯುವ ರೂಢಿಯಂತೆ. ಹೆಸರು ಮಾತ್ರ ಬದಲು.

ಹಾಗೆ ಆಗಿಲ್ಲ ಎಂದೆ. ಚೀಲ ಎತ್ತಿದವನು ಚನಮಲ್ಲ, ಆ ಹೊತ್ತಿಗೆ ಜೈನುದ್ದೀನ ತಂಬಿನ ಎದುರಿನಲ್ಲಿ ಶ್ರೀಶೈಲಪ್ಪನ ಬೈಗಳು ತಿನ್ನುತ್ತಿದ್ದ, ಕಾಜು ಸಿಕ್ಕ ಮೇಲೇ ಅವನನ್ನು ಹಿಂದೆ ಕರೆತಂದರು ಎಂದು ಇದ್ದದ್ದು ಇದ್ದಂತೆ ಹೇಳಿದೆ. ವಕೀಲ ಪಂಚನಾಮೆಯ ಕೊನೆಗೆ ಬೆರಳಿಟ್ಟು ತೋರಿಸಿದ.

"ಈ ಸಹಿ ನಿಂದಽ?"

"ನಂದ ರಿ."

"ಓದಿದ್ದೆ?"

"ಇಲ್ರಿ."

"ಮತ್ಯಾಕ ಮಾಡಿದಿ?"

"ಭಜಿ ಆರತಿದ್ವು ರಿ."

ಮತ್ತೆ ನಗು. ಈ ಸಲ ವಕೀಲ ನಗಲಿಲ್ಲ, ಜೈನುದ್ದೀನನೂ ನಗಲಿಲ್ಲ. ತನ್ನ ಕಡೆಯಿಂದ ಬೇರೆ ಪ್ರಶ್ನೆಯಿಲ್ಲ ಎಂದು ವಕೀಲ ಕೂತುಬಿಟ್ಟ. ಅವನ ಕೇಸು ನನ್ನ ಬಾಯಿಂದಲೇ ಮುರಿದುಬಿದ್ದಿತ್ತು. ಅದನ್ನು ಜೋಡಿಸಲು ಅವನು ಕೈಯಾಡಿಸಲೂ ಇಲ್ಲ. ತೀರ್ಪಿಗೆ ಇನ್ನೊಂದು ತಾರೀಖು ಕೊಟ್ಟರು.

ನಾನು ಮಧ್ಯಾಹ್ನ ಮೋಟಾರಿನ ಬಳಿ ಹೋಗಿ ವಕೀಲನನ್ನು ಹಿಡಿದೆ. ಸಂಶಯ ಅಷ್ಟು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. ಬಂದಷ್ಟು ದಿನ ಫೀ ತಗೊಂಡಿದ್ದು ಸುಳ್ಳೇ ಎಂದು ಕೇಳಿದೆ. ಸುಳ್ಳಲ್ಲ, ಆದರೆ ಮುದ್ದತ್ ಬಿದ್ದ ದಿನ ಅರ್ಧ ಫೀ ಎಂದ. ಅದೂ ಬಿಲ್ಲು ಬರೆದು, ಕಲೆಕ್ಟರ ಕಚೇರಿಗೆ ಅಲೆದು, ಖಜಾನೆಯಿಂದ ಬಿಡಿಸಿಕೊಳ್ಳಬೇಕು. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದ:

"ನನಗ ಕೊಟ್ಟಿದ್ದು ಬಿಡಪ್ಪಾ. ನಿನ್ನ ಹುಡುಕಾಕ ಪೊಲೀಸ್ರಿಗಿ ಕೊಟ್ಟ ಭತ್ತೆ, ಮೋಟಾರ ಛಾರ್ಜು, ಜೈನುದ್ದೀನಗ ಜೇಲಿನ್ಯಾಗ ಹಾಕಿದ ಕೂಳು, ಇದನ್ನೆಲ್ಲಾ ಕೂಡಿಸಿ ಭೋಂಗಾದಾಗ ಊದು. ನಾನೂ ಬಂದು ಕೇಳ್ತೇನಿ."

ಶ್ರೀಶೈಲಪ್ಪನ ಮನೆಯಿಂದ ಬುತ್ತಿ ಯಾಕೆ ಬರುತ್ತಿತ್ತು ಎಂದು ಕೇಳಬೇಕೆಂದಿದ್ದೆ. ಮೋಟಾರು ಹೊರಟಿತು. ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಜೈನುದ್ದೀನನನ್ನು ಬಿಟ್ಟರು. ಜೇಲಿನ ಬಾಗಿಲಲ್ಲಿ ಅಬಿದಾ ಭಾಬಿ ಇದ್ದಳು, ನಾನಿದ್ದೆ. ಕರೆಯದಿದ್ದರೂ ನಮ್ಮ ಅವ್ವ ಬಂದಿದ್ದಳು, ಸೆರಗಿನಲ್ಲಿ ಕೂಸಿಗೆಂದು ಒಂದಿಷ್ಟು ಬೆಲ್ಲ ಕಟ್ಟಿಕೊಂಡು. ಜೈನುದ್ದೀನ ಹೊರಗೆ ಬಂದು ಕೂಸನ್ನು ಎತ್ತಿಕೊಂಡ. ಅದು ಅವನ ಗುರುತು ಹಿಡಿಯದೆ ಅತ್ತಿತು. ಅವ್ವ ಭಾಬಿಯ ಎದುರಿಗೆ ಹೋಗಿ ನಿಂತಳು.

"ತಪ್ಪ ನಂದವಾ. ಖಾಕಿ ಕಂಡು ಅಂಜಿ ಸುಳ್ಳು ಹೇಳಿದೆ. ನನ್ನ ಮಗಗ ಏನೂ ಗೊತ್ತಿದ್ದಿಲ್ಲ."

ಭಾಬಿ ಕೂಸಿನ ಕಣ್ಣೊರೆಸಿದಳು. ಬೆಲ್ಲ ತೆಗೆದುಕೊಂಡಳು. ಜೈನುದ್ದೀನ ನನ್ನನ್ನು ನೋಡಿದ.

"ಶ್ರೀಶೈಲಪ್ಪನ ಕೂಲಿ ತಪ್ಪತೈತಿ ಅಂತ ನೀ ಬರವೊಲ್ಲಿ ಅಂತ ತಿಳದಿದ್ದೆ ಪರಪ್ಪಾ. ಅವ್ವಾರು ಹೇಳಿದ್ದು ಕೇಳಿ ಮನಸ ಹಗರಾತು."

ಅವನು ನನ್ನ ಹೆಗಲು ತಟ್ಟಿದ. ಅವರು ಸಿಂದಗಿ ಮೋಟಾರಿಗೆ ಹೋದರು. ಈಗ ಅಲ್ಲಿ ಅವನು ಸೈಕಲ್ ದುರಸ್ತಿ ಮಾಡುತ್ತಾನೆ. ಊರಿನಲ್ಲಿ ನನ್ನ ಹೆಸರು ಬೆಳೆಯಿತು. ಮೊದಲು ನಕ್ಕವರೇ ಆಮೇಲೆ ಕಥೆ ಹೊಳಪು ಮಾಡಿದರು, ನಾನು ಅಲ್ಲಲ್ಲಿ ಕೈ ಹಚ್ಚಿದೆ. ನಾನು ಮೊದಲಿಗೆ ನಿಮಗೆ ಹೇಳಿದ್ದು ಆ ಹೊಳಪಿನ ಕಥೆ.

ನಡೆದದ್ದು ಬೇರೆ. ಕೇಸು ಕೋರ್ಟಿಗೆ ಬರುವ ಸ್ವಲ್ಪ ಮೊದಲು ನಾನು ಭೋಂಗಾದಲ್ಲಿ ಫೌಜದಾರರಿಗೆ ವರ್ಗವಾಗಿದೆ, ಸಂಜೆ ಪೇಢೆ ಹಂಚುತ್ತಾರೆ ಎಂದು ಸುಳ್ಳು ಸುದ್ದಿ ಊದಿದ್ದೆ. ಠಾಣೆಯ ಮುಂದೆ ಅರ್ಧ ಊರು ತಾಟು ಹಿಡಿದು ನಿಂತಿತ್ತು. ಅದಕ್ಕೇ ನನ್ನನ್ನು ಹುಡುಕಿಕೊಂಡು ಬರುತ್ತಾರೆಂದು ಅವ್ವನಿಗೂ ಗುಂಡವ್ವನಿಗೂ ಪಾರ್ಟು ಕಲಿಸಿದವನು ನಾನು. ಒಂದೇ ಊರು ಎರಡು ಸಲ ಹೇಳಬೇಡಿ, ಮೊದಲು ಇಂಡಿ, ಆಮೇಲೆ ಸಿಂದಗಿ, ಆಮೇಲೆ ಬಾಗೇವಾಡಿ. ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ನಾಲ್ಕು ಸಲ ತಾಲೀಮು ಮಾಡಿಸಿದೆ. ಮೂರನೆಯ ಸಲ ಗೈಬುಸಾಬ ಬಾಗಿಲಲ್ಲಿ ನಿಂತಿದ್ದಾಗ ನಾನು ಒಳಗೇ ಇದ್ದೆ. ಕನ್ನಡಿಯ ಮುಂದೆ ನಿಂತು, ಸರಕಾರಿ ವಕೀಲನನ್ನು ಹೇಗೆ ಬಯ್ಯಬೇಕೆಂದು ಕೈ ಎತ್ತಿ ಇಳಿಸಿ ನೋಡುತ್ತಿದ್ದೆ. ಅವ್ವ ಅಡುಗೆಮನೆಯಿಂದ ಸುತ್ತಿ ಬಂದು ನನ್ನ ಕಿವಿಯಲ್ಲಿ, ಪೊಲೀಸ ಸಿಟ್ಟಿನಲ್ಲಿಲ್ಲ, ಜೈನುದ್ದೀನನ ಕೋರ್ಟಿನ ಸಂಗತಿ ಅನ್ನುತ್ತಾನೆ, ಹೋಗಿ ಕೇಳು ಎಂದಳು.

ಬಾಗೇವಾಡಿ ಅಂತ ಹೇಳವ್ವಾ ಎಂದೆ. ಅವಳು ಹೋಗಿ ಹಾಗೇ ಹೇಳಿದಳು.